ಟೈಲರ್ ಶಂಭುವಿನ ಸ್ಟ್ರಾಬೆರಿ

ಬೆಳಿಗ್ಗೆ ಎದ್ದವನೇ ಟೈಲರ್ ಶಂಭು ಬಾವಿಕಟ್ಟೆಯ ನೆರಳಿಗೆ ಹೋಗಿ, ಗಿಡದ ಚಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಎಲೆ ಎತ್ತಿ ನೋಡಿದ. ಸ್ಟ್ರಾಬೆರಿ ಇನ್ನೂ ಬಿಳಿ.

"ಇವತ್ತಾದರೂ ಕೆಂಪಾಗಬಾರದಾ ಮಾರಾಯಾ?" ಎಂದು ಗಿಡವನ್ನೇ ಕೇಳಿದ.

ಶಂಭುವಿನ ಮರ್ಯಾದೆ ಆ ಗಿಡದ ತುದಿಯಲ್ಲಿ ನೇತಾಡುತ್ತಿತ್ತು. ಹಿಂದೊಮ್ಮೆ ಅವನು ಮೂಡುಬಿದಿರೆಯ ಸೆಕೆಯಲ್ಲಿ ಕೇಸರಿ ಬೆಳೆಯಲು ಹೋಗಿ ಗಡ್ಡೆ ಕೊಳೆಸಿದ್ದ. ಅಂದಿನಿಂದ ಊರಿಗೆಲ್ಲ ಅವನು 'ಕೇಸರಿ ಶಂಭು'. ಮದುವೆಯ ಕಾಗದದ ಮೇಲೂ ಹಾಗೇ ಬರೆದು ಬರುತ್ತಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಹಣ್ಣಿನಂಗಡಿ ಇಟ್ಟ ಮೂಸಾ ಎಲ್ಲರ ಎದುರೇ ಹೇಳಿದ್ದ: "ಶಂಭಣ್ಣ, ಬೀಜ ಹಾಕಿ ಸ್ಟ್ರಾಬೆರಿ ಮಾಡಿ ನನಗೆ ತಿನ್ನಿಸಿದರೆ, ಕೇಸರಿ ಅಂತ ಕರೆಯುವವರ ಬಾಯಿ ನಾನೇ ಮುಚ್ಚಿಸ್ತೇನೆ. ಆಗದಿದ್ದರೆ ಆ ಹೆಸರು ನಿಮ್ಮ ಅಂಗಡಿಯ ಬೋರ್ಡಿಗೂ ಬರಬೇಕು." ಶಂಭು ಒಪ್ಪಿದ್ದ. ಗಡುವು ಇವತ್ತು ಸಂಜೆ, ಮೂಸಾ ಅಸರ್ ನಮಾಜು ಮುಗಿಸಿ ಬಂದ ಕೂಡಲೇ.

ನಗುವವರು ನಗಲಿ, ಅವನು ಆ ಗಿಡ ಸಾಕಿದ ತಾಳ್ಮೆಗೆ ಕೈಮುಗಿಯಬೇಕು. ಮಿಜಾರಿನ ಕಾಲೇಜಿನಲ್ಲಿ ಓದುವ ವಿಸ್ಮಿತಾ, ಹೆಂಡತಿಯ ತಂಗಿಯ ಮಗಳು, ಒಂದು ಪೊಟ್ಟಣ ಕೊಟ್ಟು, "ಬೆಟ್ಟದ ಸ್ಟ್ರಾಬೆರಿ ದೊಡ್ಡಪ್ಪ, ಬೀಜಕ್ಕೆ ಮೊದಲು ಚಳಿ ತಾಗಬೇಕು" ಎಂದಿದ್ದಳು. ಬೀಜವೆಂದರೆ, ಸಾಸಿವೆ ಅದಕ್ಕೆ ಅಜ್ಜನಾಗಬೇಕು. ಆಟಿ ತಿಂಗಳ ಮಳೆಯಲ್ಲಿ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಫ್ರಿಜ್ಜಿನಲ್ಲಿ ಬಂಗುಡೆ ಮೀನಿನ ಡಬ್ಬಿಯ ಹಿಂದೆ ಮಲಗಿಸಿದ. ಆಮೇಲೆ ಸೂಜಿಯ ಮೊನೆ ಒದ್ದೆ ಮಾಡಿ, ಒಂದೊಂದೇ ಬೀಜ ಎತ್ತಿ ಮಣ್ಣಿನ ಮೇಲಿಟ್ಟ. ಮುಚ್ಚಲಿಲ್ಲ, ಬೆಳಕು ಬೀಳದಿದ್ದರೆ ಅದು ಮೊಳೆಯುವುದಿಲ್ಲ. ಮೇಲಿಂದ ನೀರು ಹಾಕಿದರೆ ಕೊಚ್ಚಿಹೋದೀತೆಂದು ಚಟ್ಟಿಯನ್ನೇ ನೀರಿನ ತಟ್ಟೆಯಲ್ಲಿ ಕೂರಿಸಿದ. ಮೊಳಕೆ ಕಾಣುವಷ್ಟರಲ್ಲಿ, ಬ್ಲೌಸು ಹೊಲಿಯಲು ಕೊಟ್ಟವರೆಲ್ಲ ಬಂದು ಎರಡೆರಡು ಸಲ ಜಗಳಾಡಿ ಹೋಗಿದ್ದರು. ಬಿಸಿಲೇರಿದರೆ ಚಟ್ಟಿಗೆ ಒದ್ದೆ ಗೋಣಿ ಸುತ್ತಿ, ಜ್ವರ ಬಂದ ಮಗುವನ್ನು ಎತ್ತಿಕೊಂಡಂತೆ ನೆರಳಿಂದ ನೆರಳಿಗೆ ಎತ್ತಿಕೊಂಡು ಹೋಗುತ್ತಿದ್ದ. ಎಷ್ಟೋ ಸಸಿ ಸತ್ತವು. ಉಳಿದ ಒಂದೇ ಗಿಡದಲ್ಲಿ ಈಗ ಉಗುರಿನಷ್ಟು ದೊಡ್ಡ ಕಾಯಿ, ಎಲ್ಲ ಸೇರಿ ಒಂದು ಬೊಗಸೆ. ಮೂಡುಬಿದಿರೆಯಲ್ಲಿ ಇದು ಸಣ್ಣ ಮಾತಲ್ಲ.

ಹೆಂಡತಿ ಲೋಲಾಕ್ಷಿ ಬಂದು ಒಂದನ್ನು ಮುಟ್ಟಿದಳು. ಅದು ಪಟಕ್ಕೆಂದು ಕೈಗೆ ಬಂತು.

"ನೋಡಿ, ಗಿಡಕ್ಕೇ ಬೇಡವಾಗಿದೆ. ಅರ್ಧ ಕೊಯ್ದು ಅಕ್ಕಿಡಬ್ಬಿಯಲ್ಲಿ ಇಡುವ. ಮಾವಿನಕಾಯಿ ಹಣ್ಣಾಗುದಿಲ್ವಾ?"

"ಒಂದು ಕಚ್ಚಿ ನೋಡ್ಲಾ?"

"ಬಿಳಿ ಇರುವಾಗಲೇ? ಹಲ್ಲು ಚುಳ್ ಅಂದೀತು. ಅದೂ ಅಲ್ಲದೆ ಮೂಸಾ ಕಾಕನಿಗೆ ಅಂತ ಹೇಳಿದ್ದನ್ನು ಎಂಜಲು ಮಾಡ್ಲಿಕ್ಕುಂಟಾ?"

ಅರ್ಧ ಕಾಯಿ ಅಕ್ಕಿಯೊಳಗೆ ಹೋಯಿತು. ಮಧ್ಯಾಹ್ನ ಡಬ್ಬಿ ತೆರೆದಾಗ ಅಡುಗೆಕೋಣೆಯೆಲ್ಲ ಘಮಘಮ. "ಈ ಸಲದ ಅಕ್ಕಿ ಒಳ್ಳೆದುಂಟು" ಎಂದಳು ಲೋಲಾಕ್ಷಿ. ಕಾಯಿ ಮಾತ್ರ ಬಿಳಿ.

ಶಂಭು ವಿಸ್ಮಿತಾಳಿಗೆ ಫೋನು ಮಾಡಿದ. ಪರೀಕ್ಷೆಯಲ್ಲಿದ್ದಳೋ ಏನೋ, ಸ್ವಿಚ್ ಆಫ್.

ಅಷ್ಟರಲ್ಲಿ ಪಕ್ಕದ ಮನೆಯ ಚಿದಾನಂದ ಬಂದ. ಬಸ್ಸಿನ ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ಮೇಲೂ ಊರವರನ್ನೆಲ್ಲ ಹಿಂದೆ ಸರಿಸಿ ಮುಂದೆ ನಿಲ್ಲುವ ಅಭ್ಯಾಸ ಅವನಿಗೆ ಹೋಗಿರಲಿಲ್ಲ.

"ಎಂಥ ಮಾರಾಯ, ಇಷ್ಟು ಸಣ್ಣ ವಿಷಯಕ್ಕೆ ತಲೆಬಿಸಿಯಾ? ನಮ್ಮಲ್ಲಿ ಬಾಳೆಗೊನೆ ಹಣ್ಣು ಮಾಡುದು ಹೇಗೆ? ಹೊಗೆ ಹಾಕಿ! ಹಂಡೆ ತಾ."

"ಚಿದಾನಂದಣ್ಣ, ಇದು ಜೀವ ಇರುವ ಗಿಡ..."

"ಹೊಗೆಗೆ ಅದೆಲ್ಲ ಗೊತ್ತಾಗುದಿಲ್ಲ. ನೀನು ಸುಮ್ಮನಿರು."

ಹಂಡೆಯೊಳಗೆ ಚಟ್ಟಿ ಇಳಿಯಿತು. ಪಕ್ಕದಲ್ಲಿ ತೆಂಗಿನ ಸಿಪ್ಪೆಯ ಕೆಂಡ, ಹಂಡೆಯ ಬಾಯಿಗೆ ಗೋಣಿ. ಚಿದಾನಂದ ಊದಿದ ಊದುವಿಕೆಗೆ ಹೊಗೆ ಹಂಡೆಯಿಂದೆದ್ದು ಮೇಲಿನ ಮಾಳಿಗೆಯಲ್ಲಿ ಬಾಡಿಗೆಗಿದ್ದ ಮೋಕ್ಷಿತಾಳ ಕಿಟಕಿಗೆ ನುಗ್ಗಿತು. ಅವಳು ಬಗ್ಗಿ ನೋಡಿ, "ಅಯ್ಯೋ ಬೆಂಕಿ!" ಎಂದು ಕಿರಿಚಿ, ಬಟ್ಟೆ ನೆನೆಸಿದ್ದ ಬಕೆಟನ್ನು ಎತ್ತಿ ಅಲ್ಲಿಂದಲೇ ಕವುಚಿದಳು. ಕೆಂಡ ಆರಿತು. ಚಿದಾನಂದನೂ ಆರಿದ. ಗಿಡ, ಸಾಬೂನಿನ ನೊರೆಯೊಳಗೆ, ಹಿಂಡಿಟ್ಟ ಕರವಸ್ತ್ರದಂತೆ ಮಲಗಿತ್ತು. ಅದರಲ್ಲಿದ್ದ ಕಾಯಿ ಮಸಿ ಹಿಡಿದು ಮುದ್ದೆಯಾಗಿತ್ತು.

ಶಂಭು ಯಾರನ್ನೂ ಬೈಯಲಿಲ್ಲ. ಗಿಡದ ಎಲೆಯನ್ನೊಮ್ಮೆ ಬೆರಳಲ್ಲಿ ಒರೆಸಿ, ಅಕ್ಕಿಯೊಳಗಿನ ಬಿಳಿ ಕಾಯಿಗಳನ್ನು ಸ್ಟೀಲಿನ ಬಟ್ಟಲಿಗೆ ಹಾಕಿಕೊಂಡು ಹೊರಟ. ಮಾತು ಕೊಟ್ಟಾಗಿತ್ತಲ್ಲ.

ಮೂಸಾನ ಅಂಗಡಿಯ ಮುಂದೆ ಆಗಲೇ ಜನ ಸೇರಿತ್ತು. ಒಳಗಿನ ಬೆಂಚಿನಲ್ಲಿ ಅವನ ತಾಯಿ ಖತೀಜಮ್ಮ ಕೂತಿದ್ದರು. ಕಣ್ಣಿನ ಪೊರೆ ಬೆಳೆದು ಎದುರಿನ ಮನುಷ್ಯರೇ ಅವರಿಗೆ ನೆರಳಿನಂತೆ ಕಾಣುತ್ತಿದ್ದರು.

ಮೂಸಾ ಬಟ್ಟಲೊಳಗೆ ಇಣುಕಿದ. "ಎಂಥ ಇದು ಶಂಭಣ್ಣ? ಹಸಿ ಕಾಯಿ! ಇದನ್ನು ಕೋಳಿಯೂ ತಿನ್ನಲಿಕ್ಕಿಲ್ಲ."

"ಇನ್ನೆರಡು ದಿವಸ ಕೊಟ್ಟರೆ..."

"ಕೇಸರಿಗೂ ಹಾಗೇ ಹೇಳಿದ್ರಿ!" ಗುಂಪಿನಲ್ಲಿ ಯಾರೋ ಅಂದರು. ನಗು ಅಂಗಡಿಯಿಂದ ಬಸ್‌ಸ್ಟ್ಯಾಂಡಿನವರೆಗೆ ಹೋಯಿತು.

ಶಂಭು ಬಟ್ಟಲನ್ನು ಬೆಂಚಿನ ಮೇಲಿಟ್ಟು, ರಸ್ತೆಯ ಕಡೆ ಮುಖ ತಿರುಗಿಸಿ ನಿಂತ. ಆಗಲೇ ಕಿಸೆಯಲ್ಲಿ ಫೋನು ಬಡಿಯಿತು. ವಿಸ್ಮಿತಾ.

"ದೊಡ್ಡಪ್ಪ, ಕಾಲ್ ಮಾಡಿದ್ರಾ?"

"ಕೆಂಪಾಗಲೇ ಇಲ್ಲ ಮಗಾ."

"ಅಯ್ಯೋ, ಹೇಳ್ಲಿಕ್ಕೇ ಮರೆತುಹೋಯ್ತು! ಅದು ಬಿಳಿ ಜಾತಿ. ಕೆಂಪಾಗುದೇ ಇಲ್ಲ. ಹಕ್ಕಿ ಕೂಡ ಕಾಯಿ ಅಂತ ಮೋಸ ಹೋಗ್ತದೆ. ಘಮ ಬಂದು, ಮುಟ್ಟಿದ ಕೂಡಲೇ ಕೈಗೆ ಬಂದರೆ ಹಣ್ಣು."

ಶಂಭು ಆ ಮಾತನ್ನು ಸ್ಪೀಕರಿನಲ್ಲಿ ಇನ್ನೊಮ್ಮೆ ಹೇಳಿಸಿದ. ನಗು ನಿಂತಿತು. ಮೂಸಾನ ಮುಖವೇ ಬದಲಾಯಿತು. "ಹಾಗಾದರೆ ಕೊಡಿ ಮಾರಾಯ್ರೇ, ತಿಂದು ನೋಡುವ. ಹೌದಾದರೆ ನಾನು ಸೋತೆ."

ಎಲ್ಲರೂ ಬೆಂಚಿನ ಕಡೆ ತಿರುಗಿದರು. ಬಟ್ಟಲು ಖಾಲಿ. ಖತೀಜಮ್ಮ ಸೆರಗಿನಿಂದ ಬೆರಳು ಒರೆಸಿಕೊಳ್ಳುತ್ತಿದ್ದರು.

"ಮೂಸಾ, ಈ ಅನನಾಸು ಎಲ್ಲಿಂದ ಬಂತು? ಚಿಕ್ಕಚಿಕ್ಕದಾಗಿ ಹೆಚ್ಚಿ ಕೊಟ್ಟದ್ದು ಯಾರು? ಆಹಾ, ಇಂಥದ್ದು ನಾನು ತಿಂದದ್ದೇ ಇಲ್ಲ."

"ಖತೀಜಮ್ಮ, ಅದು ಸ್ಟ್ರಾಬೆರಿ! ಇವರಿಗೆ ಸ್ವಲ್ಪ ಹೇಳಿ!" ಶಂಭುವಿಗೆ ಅಳುವೊಂದೇ ಬಾಕಿ.

"ನನಗೆ ಅನನಾಸು ಗೊತ್ತಿಲ್ವಾ ಮಗನೇ? ಅನನಾಸು ಮಾರಿಯೇ ನಾವು ಈ ಅಂಗಡಿ ಕಟ್ಟಿದ್ದು. ನಿನ್ನ ಕೈ ಬಂಗಾರದ್ದು. ಇದನ್ನೇ ಬೆಳೆಸು."

ಹಣ್ಣಿನ ವಿಷಯದಲ್ಲಿ ಖತೀಜಮ್ಮನ ನಾಲಿಗೆಗೆ ಎದುರು ಹೇಳಿದವರು ಆ ಪೇಟೆಯಲ್ಲಿ ಇರಲಿಲ್ಲ. ಮೂಸಾ ತಲೆ ಕೆರೆದುಕೊಂಡ. ನ್ಯಾಯಸ್ಥ ಮನುಷ್ಯ ಅವನು.

"ಶಂಭಣ್ಣ, ಉಮ್ಮ ಇಷ್ಟು ಹೊಗಳಿದ ಮೇಲೆ ನಿಮ್ಮನ್ನು ಇನ್ನು ಕೇಸರಿ ಅಂತ ಕರೆದರೆ ಪಾಪ ಬರ್ತದೆ. ಆ ಹೆಸರು ಇವತ್ತಿಗೆ ಮುಗಿಯಿತು."

ಶಂಭು ಖಾಲಿ ಬಟ್ಟಲನ್ನು ಎತ್ತಿಕೊಂಡು ಎದೆಯೆತ್ತಿ ಮನೆಗೆ ನಡೆದ.

ಮರುವಾರ ಶಂಭುವಿನ ಅಂಗಡಿಯ ಮುಂದೆ ಪೈಂಟರ್ ಏಣಿ ಹಾಕಿದ. ಖರ್ಚು ಪೂರಾ ಮೂಸಾನದ್ದೇ. ಹಸಿರು ಹಲಗೆಯ ಮೇಲೆ ದಪ್ಪ ಹಳದಿ ಅಕ್ಷರದಲ್ಲಿ ಬರೆದ: 'ಅನನಾಸು ಶಂಭು ಟೈಲರ್ಸ್'.