ದಯಾನಂದನ ಹೂವಿನ ಉಂಗುರ

ಇಗರ್ಜಿ ಮದುವೆಯಲ್ಲಿ ಉಂಗುರವೇ ಮುಖ್ಯ ಎಂದು ಯಾರೋ ಹೇಳಿದ್ದು ದಯಾನಂದನ ತಲೆಯೊಳಗೆ ಹೋಗಿ ಚಕ್ಕಳಮಕ್ಕಳ ಹಾಕಿ ಕುಳಿತಿತು. ಹಾಳಾದದ್ದು ಅಲ್ಲಿಂದ.

ಲಾಯಿಲದ ಈ ದಯಾನಂದ ಕಟ್ಟಿದ ಮದುವೆ ಮಂಟಪಗಳ ಬಾಳೆಕಂಬಗಳನ್ನು ಸಾಲಾಗಿ ನಿಲ್ಲಿಸಿದರೆ ಬಂಟ್ವಾಳ ದಾಟಿ ಸಮುದ್ರ ಮುಟ್ಟೀತು. ಆದರೆ ಇಗರ್ಜಿಯ ಕೆಲಸ ಇದೇ ಮೊದಲು. “ಚೆಂದ ಮಾಡಿದರೆ ಇನ್ನು ಇಲ್ಲಿಯ ಮದುವೆಗಳೆಲ್ಲ ನಿಮಗೇ,” ಎಂದು ಫಾದರ್ ಹೇಳಿದ್ದರು. ಗೋಡೆಗೆ ಮೊಳೆ ಹೊಡೆಯಬಾರದು, ಬಲಿಪೀಠ ಮುಟ್ಟಬಾರದು, ಶಿಲುಬೆಗೆ ಏನೂ ಅಡ್ಡ ಬರಬಾರದು, ಇಷ್ಟೇ ಅವರ ನಿಯಮ. ದಯಾನಂದ ಭಕ್ತಿಯಿಂದ ಅದಕ್ಕೆ ತನ್ನದೂ ಸ್ವಲ್ಪ ಸೇರಿಸಿದ. ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟ, ವಾರವಿಡೀ ಮೀನು ಬಿಟ್ಟ. ಮದುವೆ ಮನೆಯವರು ಹಂದಿಗೆ ಮಸಾಲೆ ಅರೆಯುತ್ತಿದ್ದಾಗ ಇವನೊಬ್ಬ ತೊವ್ವೆ ಉಂಡ.

ಬೆಳಗಾಗುವಷ್ಟರಲ್ಲಿ ಬೆಂಚು ಬೆಂಚಿಗೂ ಬಿಳಿ ಹೂವಿನ ದುಂಡನೆಯ ಉಂಗುರ, ಅದಕ್ಕೆ ನೇರಳೆ ರಿಬ್ಬನ್. ದೊಡ್ಡ ಬಾಗಿಲಿಗಂತೂ ಆನೆಯ ಸೊಂಟಕ್ಕೆ ಆಗುವಂಥ ಉಂಗುರ.

ಫೋಟೋದ ಶಾಫಿ ತಲೆ ಕೆರೆದುಕೊಂಡ. “ದಯಣ್ಣ, ಇದನ್ನು ನಾನು ಎಲ್ಲೋ ನೋಡಿದ ಹಾಗೆ ಉಂಟು.”

“ಬೆರಳಲ್ಲಿ ನೋಡಿದ್ದು ಮಾರಾಯ! ಉಂಗುರ ಅಲ್ವಾ ಇದು?”

ಅಂಥ ಬಿಳಿ ಚಕ್ರವನ್ನು ಊರಿನವರು ಅದುವರೆಗೆ ಕಂಡದ್ದು ಶವಪೆಟ್ಟಿಗೆಯ ಮೇಲೆ ಮಾತ್ರ. ಹೇಳಬೇಕಾಗಿದ್ದ ಫಾದರ್ ಕಾಯಿಲೆಯವರ ಮನೆಗೆ ಹೋಗಿದ್ದರು. ಕೆಳಗಿನ ರಸ್ತೆಯಲ್ಲಿ ರಿಕ್ಷಾದ ಕೂಸಪ್ಪ ಬಾಗಿಲು ನೋಡಿದವನೇ ಬ್ರೇಕ್ ಹಾಕಿ ಕೈ ಮುಗಿದ. ಅವನ ಬಾಯಿಗೆ ರಿಕ್ಷಾಕ್ಕಿಂತ ವೇಗ ಹೆಚ್ಚು. ಕ್ಷಣದಲ್ಲಿ ಸುದ್ದಿ ಪೇಟೆ ಮುಟ್ಟಿತು. ಅಂಗಡಿಯ ಉಮ್ಮರ್ ಸತ್ತವರ ಮರ್ಯಾದೆಗೆಂದು ಅರ್ಧ ಬಾಗಿಲು ಎಳೆದ.

ಊರಿನ ಒಂದು ಶವಸಂಸ್ಕಾರವನ್ನೂ ತಪ್ಪಿಸದ ಮುದುಕಿ ಸೆವ್ರಿನ್ ಬಾಯಿ ಕಪ್ಪು ಶಾಲು ಹೊದ್ದು, ಮೇಣದಬತ್ತಿ ಹಿಡಿದು ಮೆಟ್ಟಿಲು ಹತ್ತಿ ಬಂದರು.

“ಯಾರು ಮಗಾ?” ಎಂದು ದಯಾನಂದನನ್ನು ಕೇಳಿದರು.

“ಜೊವಿಟಾ, ಬಾಯಿ.”

“ದೇವಾ! ಆ ಹುಡುಗಿಯಾ? ಎಷ್ಟು ಪ್ರಾಯ?”

“ಇಪ್ಪತ್ತಾರು. ಈಗ ಹೂವಿನ ಕಾರಲ್ಲಿ ತರ್ತಾರೆ.”

“ಹೇಗಾಯ್ತು?”

“ಲವ್, ಬಾಯಿ. ಮನೆಯವರು ಮೊದಲು ಒಪ್ಪಲಿಲ್ಲ.”

ಬಾಯಿ ಅತ್ತದ್ದಕ್ಕೆ ನೇತ್ರಾವತಿಯಲ್ಲಿ ಒಂದು ಗೇಣು ನೀರು ಏರಿರಬೇಕು. ಹಿಂದೆಯೇ ಬಂದ ಮುದುಕಿಯರೂ ಬೆಂಚು ಹಿಡಿದು ಅಳತೊಡಗಿದರು. ಮದುಮಗಳ ಮೇಲೆ ಇವರಿಗೆ ಎಂಥ ಪ್ರೀತಿ ಎಂದು ದಯಾನಂದನ ಕಣ್ಣೂ ಒದ್ದೆಯಾಯಿತು. ಪ್ರಾರ್ಥಿಸುವವರ ಮುಖಕ್ಕೆ ಫ್ಲ್ಯಾಶ್ ಹೊಡೆಯಬಾರದೆಂದು ಶಾಫಿಗೆ ಅಪ್ಪಣೆಯಾಗಿತ್ತು. ಅವನು ಕಂಬದ ಮರೆಯಲ್ಲಿ ಮೊಣಕಾಲೂರಿ, ಸದ್ದಿಲ್ಲದೆ, ಒಂದೊಂದು ಕಣ್ಣೀರಿನ ಹನಿಯನ್ನೂ ಫೋಟೋ ಹಿಡಿದ.

ಅಷ್ಟರಲ್ಲಿ ಕಾರು ಬಂತು. ಬಿಳಿ ಗೌನಿನ ಜೊವಿಟಾ ಇಳಿದಳು. ಅವಳನ್ನು ನೋಡಿ ಸೆವ್ರಿನ್ ಬಾಯಿ ಚೀರಿದರು. ಬಾಗಿಲನ್ನು ನೋಡಿ ಮದುಮಗಳೂ ಚೀರಿದಳು.

ಅವಳ ತಾಯಿ ಹಿಲ್ಡಾ ಬಾಯಿ ಸೀದಾ ದಯಾನಂದನ ಎದುರು ಬಂದು ನಿಂತರು. “ದಯಾನಂದ, ನನ್ನ ಮಗಳಿಗೆ ಇವತ್ತು ಮದುವೆಯಾ, ಸತ್ತವರ ಬೊಜ್ಜವಾ?”

“ಉಂಗುರ ಅಂತ ಮಾಡಿದ್ದು ಬಾಯಿ...” ಎಂದ ದಯಾನಂದನ ದನಿ ಸೊಳ್ಳೆಯದ್ದಕ್ಕಿಂತ ಸಣ್ಣದಾಗಿತ್ತು.

ಆಗ ಬಂದ ಫಾದರ್ ಒಬ್ಬರೇ ನಕ್ಕರು. ಒಂದು ಚಕ್ರದ ರಿಬ್ಬನ್ ಬಿಚ್ಚಿದರು, ಒಂದು ಕಡೆ ಕತ್ತರಿಸಿ ಎಳೆದರು. ಚಕ್ರ ಹೋಗಿ ಮಾಲೆಯಾಯಿತು. ಅಳುತ್ತಿದ್ದ ಮುದುಕಿಯರೆಲ್ಲ ಮೂಗು ಒರೆಸಿಕೊಂಡು ಕತ್ತರಿಸಲು ಕುಳಿತರು. ಪೂಜೆಯ ಗಂಟೆಯಾಗುವಾಗ ಬೆಂಚಿನಿಂದ ಬೆಂಚಿಗೆ ಬಿಳಿ ಮಾಲೆ ತೂಗುತ್ತಿತ್ತು. ಮದುವೆ ಶಾಂತವಾಗಿ ನಡೆಯಿತು.

ಊಟದ ಹೊತ್ತಿಗೆ ಫಾದರ್ ದಯಾನಂದನ ಹೆಗಲ ಮೇಲೆ ಕೈಯಿಟ್ಟರು. “ನಿಮ್ಮ ಭಕ್ತಿಗೆ ಕಡಿಮೆ ಇಲ್ಲ. ಆದರೆ ಮದುವೆಗೆ ಇನ್ನು ನಿಮ್ಮ ಹೆಸರು ಹೇಳಿದರೆ ಯಾರೂ ಒಪ್ಪಲಿಕ್ಕಿಲ್ಲ.”

ದಯಾನಂದ ಮೆಟ್ಟಿಲ ಮೇಲೆ ಒಣಗಿದ ಬಾಳೆ ಎಲೆಯ ಹಾಗೆ ಕುಳಿತ. ಅಲ್ಲಿಗೆ ಸೆವ್ರಿನ್ ಬಾಯಿ ತಮ್ಮ ಮುದುಕಿಯರ ದಂಡು ಕಟ್ಟಿಕೊಂಡು ಬಂದರು.

“ತಪ್ಪಾಯ್ತು ಬಾಯಿ,” ಎಂದು ಅವನು ಎದ್ದು ನಿಂತ.

“ಎಂತ ತಪ್ಪು? ಅಷ್ಟು ಚೆಂದದ ಚಕ್ರ ನಮ್ಮ ಯಜಮಾನರಿಗೂ ಸಿಗಲಿಲ್ಲ. ಬಾಗಿಲಿನದ್ದು ಉಂಟಲ್ಲ, ಅಂಥದ್ದು ನನಗೆ ಬೇಕು. ನಾನು ಮೇಲೆ ಹೋಗುವ ದಿನಕ್ಕೆ.”

“ನನಗೂ ಒಂದು,” ಎಂದರು ಹಿಂದಿದ್ದ ಇನ್ನೊಬ್ಬರು. “ಸೇವಂತಿಗೆ ಬೇಡ ಮಾರಾಯ, ನನಗೆ ಸೀನು ಬರ್ತದೆ. ಮಲ್ಲಿಗೆ ಹಾಕು.”

ಈಗ ದಯಾನಂದನಿಗೆ ಊರಿನ ಮುದುಕಿಯರೆಲ್ಲರ ಆರ್ಡರ್ ಉಂಟು. ತಾರೀಕು ಒಂದಕ್ಕೂ ಇಲ್ಲ. ಮೊನ್ನೆ ಪೇಟೆಯಲ್ಲಿ ಸೆವ್ರಿನ್ ಬಾಯಿ ಎರಡು ಕೈಯಲ್ಲೂ ಚೀಲ ಹಿಡಿದು ಬಸ್ಸಿನಿಂದ ಹಾರಿ ಇಳಿದರು. ಎದುರು ಸಿಕ್ಕಿದರೆ ಮಾತಾಡಿಸದೆ ಇರುವುದು ಹೇಗೆ?

“ಹೇಗಿದ್ದೀರಿ ಬಾಯಿ?” ಎಂದು ದಯಾನಂದ ಕೇಳಿದ.

ಬಾಯಿ ಚೀಲ ಕೆಳಗಿಟ್ಟು, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಅಷ್ಟು ಅವಸರ ಎಂತದು ಮಗಾ ನಿನಗೆ?”