ಅಮಾವಾಸ್ಯೆಯಿಲ್ಲದ ಗಿಳಿ ಕ್ಯಾಲೆಂಡರು

ಪರೋಪಕಾರದ ಹುಚ್ಚು ಯಾರಿಗೆ ಯಾವಾಗ ಹಿಡಿಯುತ್ತದೆಂದು ಹೇಳಲಾಗದು. ಕೆಲವರು ಬಾವಿ ತೋಡಿಸುತ್ತಾರೆ, ಕೆಲವರು ಮುರಗೋಡದ ಮಠಕ್ಕೆ ಜೋಳದ ಚೀಲ ಮುಟ್ಟಿಸಿ ಬರುತ್ತಾರೆ. ನಾಲ್ಕು ಮಂದಿ ಕಂಡು ಹೌದೆನ್ನುವ ಕೆಲಸಗಳು ಅವು. ನಾನೊಬ್ಬ ಮಾತ್ರ ಬೈಲಹೊಂಗಲದಲ್ಲಿ ಕೂತು, ಸಮುದ್ರಗಳಾಚೆಯ ನಡುಗಡ್ಡೆಯೊಂದರಲ್ಲಿ ಅಳಿದುಹೋಗುತ್ತಿರುವ ಗಿಳಿಯನ್ನು ಉಳಿಸಲು ಹೊರಟವನು. ಅದೂ ಎಂಥ ಗಿಳಿ? ಹಾರಲು ಬಾರದ ಗಿಳಿ! ಬೆಕ್ಕಿನಷ್ಟು ದಪ್ಪ, ಮೈ ಪಾಚಿಯ ಬಣ್ಣ, ಮುಖ ಗೂಬೆಯದು. ಹಗಲೆಲ್ಲ ನಿದ್ದೆ, ಕತ್ತಲಾದರೆ ಕಾಲ್ನಡಿಗೆ. ಅಪಾಯ ಬಂದರೆ ಓಡಿಹೋಗುವ ಬದಲು ಇದ್ದಲ್ಲೇ ಅಲ್ಲಾಡದೆ ನಿಂತುಬಿಡುತ್ತದಂತೆ, ತಾನು ಯಾರಿಗೂ ಕಾಣುತ್ತಿಲ್ಲವೆಂಬ ಧೈರ್ಯದಲ್ಲಿ. ಹೆಡ್‌ಮಾಸ್ತರರು ವರ್ಗದೊಳಗೆ ಬಂದಾಗ ನಾನೂ ಹಾಗೆಯೇ ನಿಲ್ಲುವವನು. ಹೀಗಾಗಿ ಹಳೆಯ ಮಾಸಪತ್ರಿಕೆಯೊಂದರಲ್ಲಿ ಅದರ ಕಥೆ ಓದಿದ ದಿನವೇ ನನಗೆ ಅದರ ಮೇಲೆ ಅಕ್ಕರೆ ಬಂತು.

ನಾನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಆ ಗಿಳಿ ಕಾಯುವ ಮಂದಿಗೆ ದುಡ್ಡು ಕಳಿಸುವ ತಾಕತ್ತು ನನಗೆಲ್ಲಿಯದು? ಚಿತ್ರ ಬರೆದು ಕಳಿಸಿದೆ. ಅವರು ಪುಣ್ಯವಂತರು, ಅದನ್ನು ತಮ್ಮ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿ, ಮಾರಿ, ಬಂದ ಹಣವನ್ನು ಮರಿಗಳ ಆರೈಕೆಗೆ ಬಳಸಿದರು. ತೊಂಬತ್ತರ ದಶಕದ ಕೊನೆಯ ಒಂದು ಜನವರಿಯಲ್ಲಿ ಆ ಕ್ಯಾಲೆಂಡರು ನಮ್ಮ ಮನೆಗೆ ಬಂತು. ಮೇ ತಿಂಗಳ ಪುಟದಲ್ಲಿ ನನ್ನ ಗಿಳಿ, ಅದರ ಕೆಳಗೆ ಇರುವೆಯಂಥ ಅಕ್ಷರದಲ್ಲಿ ನನ್ನ ಹೆಸರು. ಜನವರಿಯಲ್ಲೇ ಮೇ ಪುಟ ತೆರೆದು ಪಡಸಾಲೆಯ ಗೋಡೆಗೆ ತೂಗುಹಾಕಿದೆ. ಅದು ಗೋಡೆಯ ಮೇಲಿದ್ದಷ್ಟು ದಿನ ನಮ್ಮ ಮನೆಯಲ್ಲಿ ಬೇರೆ ತಿಂಗಳುಗಳು ಬರಲೇ ಇಲ್ಲ.

ಹೆಂಡತಿ ಶಾಂತಾ ಅದರ ಮುಂದೆ ನಿಂತು ಮೇಲಿಂದ ಕೆಳಗೆ ನೋಡಿದಳು. "ಅಮಾಸಿ ಇಲ್ಲ, ಹುಣ್ಣಿವಿ ಇಲ್ಲ, ಒಂದ ಸಂಕಷ್ಟಿ ಸೈತ ಇಲ್ಲ. ಇದೆಂಥಾ ಕ್ಯಾಲೆಂಡರ್ರಿ? ಮತ್ತ ಹಾರಾಕ ಬರಂಗಿಲ್ಲಂದ್ರ ಅದು ಗಿಳಿ ಹೆಂಗಾತು? ನಿಮ್ಮಂಗ ಕುಂತಲ್ಲೆ ಕುಂತಿರತೈತೇನು?"

"ಅದಕ್ಕs ಅದನ್ನ ಉಳಸಬೇಕಾಗೇತಿ" ಎಂದೆ.

"ನಿಮ್ಮನ್ನ ಉಳಿಸ್ಕೊಳ್ಳೂದ್ರಾಗ ನನಗ ಸಾಕಾಗಿ ಹೋಗೇತಿ" ಎಂದು ಒಳಗೆ ಹೋದಳು.

ಮಾರ್ಚಿನಲ್ಲಿ ನಮ್ಮ ಮಗಳು ಗಿರಿಜಾಳನ್ನು ನೋಡಲು ಸುರೇಬಾನದಿಂದ ಬೀಗರಾಗುವವರು ಬಂದರು. ಹುಡುಗ ರಾಮದುರ್ಗದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವನು, ಮಾತು ಕಡಿಮೆ, ಮೋರೆಯಲ್ಲಿ ನಗು ಹೆಚ್ಚು. ಅದಕ್ಕೂ ಮೊದಲು ಬಂದ ಗಂಡುಗಳಿಗೆಲ್ಲ ಮೋರೆ ಗಂಟಿಕ್ಕಿಕೊಂಡು ಚಹಾ ಕೊಟ್ಟಿದ್ದ ಗಿರಿಜಾ, ಈ ಸಲ ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆತಳು. ಹುಡುಗ ಅದನ್ನು ಅಮೃತದ ಹಾಗೆ ಕುಡಿದ. ನಮಗೆ ಅಷ್ಟು ಸಾಕಾಗಿತ್ತು. ಶಾಂತಾ ಅಡಿಗೆಮನೆಯ ಬಾಗಿಲಿನಿಂದ ನನ್ನತ್ತ ನೋಡಿದ ನೋಟದಲ್ಲಿ ಒಂದೇ ಮಾತಿತ್ತು: ಇದನ್ನ ಕೆಡಸಬ್ಯಾಡ್ರಿ.

ಹುಡುಗನ ತಂದೆ ಶಿವಪ್ಪನವರು ಶಿರಾದ ತಾಟು ಕೆಳಗಿಟ್ಟು ಎದ್ದರು. "ನಿಶ್ಚಯದ ಕುಂಕುಮ ಹಚ್ಚೂ ದಿನಾ ಈಗs ಹಿಡದಬಿಡೂಣು. ಅಮಾಸಿ ಎಂದ ಐತಿ ನೋಡತೇನಿ" ಎನ್ನುತ್ತ ಕ್ಯಾಲೆಂಡರಿನ ಮುಂದೆ ನಿಂತರು. ಚಾಳೀಸು ಏರಿಸಿದರು, ಇಳಿಸಿದರು. ಅಮಾವಾಸ್ಯೆ ಸಿಗಲಿಲ್ಲ. ಮೇಲೆ ನೋಡಿದರು. ಗಿಳಿ ಅವರನ್ನೇ ನೋಡುತ್ತಿತ್ತು.

"ಮಾಸ್ತರ, ಏನ್ರಿ ಇದು?"

"ಗಿಳಿ ರೀ. ನಾನs ಬರದದ್ದು."

"ಗಿಳಿ? ಎದಕ ಬರದ್ರಿ?"

ಬುದ್ಧಿಯಿದ್ದವನು ಇಲ್ಲಿ ಸುಮ್ಮನಾಗುತ್ತಿದ್ದ. ಆದರೆ ಆ ಗಿಳಿಯ ಬಗ್ಗೆ ನನ್ನನ್ನು ಯಾರಾದರೂ ಬಾಯಿ ಬಿಟ್ಟು ಕೇಳಿದ್ದು ಅದೇ ಮೊದಲು! ಶುರು ಹಚ್ಚಿಕೊಂಡೆ. ಅದರ ನಡಿಗೆ, ನಿದ್ದೆ, ಅದನ್ನು ತಿಂದ ಬೆಕ್ಕುಗಳು, ಒಂದೊಂದಕ್ಕೂ ಹೆಸರಿಟ್ಟು ಕಾಯುತ್ತಿರುವ ಮಂದಿ. ಶಾಂತಾ ಕೆಮ್ಮಿದಳು, ನೀರು ಕೊಡಲು ಹೇಳಿ ಮುಂದುವರಿಸಿದೆ.

ಶಿವಪ್ಪನವರು ಪೂರ್ತಿ ಕೇಳಿದರು. "ಮಾಸ್ತರ, ನಮ್ಮ ಹೊಲದಾಗ ಸೂರ್ಯಪಾನ ಕಾಳಗಟ್ಟಿ ನಿಂತೈತಿ. ಹಿಂಡ ಹಿಂಡ ಗಿಳಿ ಬಂದು ಹೂವಿಗೆ ಹೂವs ಖಾಲಿ ಮಾಡಾಕ ಹತ್ತ್ಯಾವ. ಕವಣಿ ಬೀಸಿ ಬೀಸಿ ನನ್ನ ರಟ್ಟಿ ಬಿದ್ದ ಹೋಗ್ಯಾವ. ನೀವು ನೋಡಿದ್ರ ಗಿಳಿ ಉಳಸಾಕ ಹೊಂಟೀರಿ!"

"ಅಲ್ರಿ, ಆ ಗಿಳಿ ಬ್ಯಾರೆ, ಈ ಗಿಳಿ ಬ್ಯಾರೆ..."

"ಅಲ್ಲೆ ಕಡಿಮಿ ಬಿದ್ದಿದ್ರ ಇಲ್ಲಿವು ಒಯ್ರಿ! ಚೀಲದಾಗ ತುಂಬಿ ನಾನs ಕೊಡತೇನಿ" ಎಂದು ಟೊಪಿಗೆ ಹಾಕಿಕೊಂಡರು. ಹೋಗುವಾಗ "ಹೇಳಿ ಕಳಸತೇವಿ" ಎಂದರು. ನಮ್ಮ ಕಡೆ ಆ ಮಾತಿನ ಅರ್ಥ ಬೇರೆ ಗಂಡು ನೋಡಿಕೊಳ್ಳಿರಿ ಎಂದು.

ಶಾಂತಾ ಕ್ಯಾಲೆಂಡರನ್ನು ಸುತ್ತಿ ಅಟ್ಟಕ್ಕೆ ಎಸೆದಳು. ಆಕೆಯ ಬೈಗುಳ ನನಗೆ ರೂಢಿ, ಉಂಡು ಅರಗಿಸಿಕೊಳ್ಳಬಲ್ಲೆ. ಆದರೆ ಗಿರಿಜಾ ಬಂದು, "ಇರಲಿ ಬಿಡಪಾ, ಅವರು ಕೇಳಿದ್ರು, ನೀ ಹೇಳಿದಿ" ಎಂದು ಉಳಿದ ಶಿರಾ ಎತ್ತಿಕೊಂಡು ಹೋದಳಲ್ಲ, ಅದನ್ನು ತಡೆಯಲಾಗಲಿಲ್ಲ. ಹಾರದ ಗಿಳಿಗೆ ಗೂಡು ಕಟ್ಟಲು ಹೋಗಿ ಸ್ವಂತ ಮಗಳ ಗೂಡು ಕೆಡಿಸಿದೆನಲ್ಲ!

ಆ ರವಿವಾರ ಯಾರಿಗೂ ಹೇಳದೆ ಸುರೇಬಾನದ ಬಸ್ಸು ಹತ್ತಿದೆ. ಶಿವಪ್ಪನವರು ಹೊಲದಲ್ಲಿ ಕವಣೆ ಬೀಸುತ್ತಿದ್ದರು. ಸೂರ್ಯಕಾಂತಿಯ ಹಳದಿ ಹೂಗಳ ಮೇಲಿಂದ ಹಸಿರು ಹಿಂಡೊಂದು ಕಿರುಚುತ್ತ ಮೇಲೆದ್ದಿತು. ಆಹಾ, ಎಷ್ಟು ಚಂದ ಎಂದು ಬಾಯಿಗೆ ಬಂದದ್ದನ್ನು ಅಲ್ಲೇ ನುಂಗಿದೆ.

"ಬಂದ್ರ್ಯಾ? ಛಲೋ ಆತು ಬರ್ರಿ" ಎಂದರು ಅವರು. "ಮಗಾ ಸರಿಯಾಗಿ ಉಣವಲ್ಲ, ಅವರವ್ವ ನನ್ನ ಜೋಡಿ ಮಾತs ಬಿಟ್ಟಾಳ. ನಾ ಏನ ನಿಮ್ಮ ಮಗಳನ್ನ ಒಲ್ಲೆ ಅಂದೆನೇನು? ಸಿಟ್ಟ ಗಿಳಿ ಮ್ಯಾಲಿನದು, ನಿಮ್ಮ ಮ್ಯಾಲೆ ಬಿತ್ತು. ಹಿಂಗ ಮಾಡ್ರಿ, ಚಿತ್ರಾ ಬರಿಯಾವ್ರು ಅದೀರಿ, ನನಗೊಂದು ಹದ್ದ ಮಾಡಿ ಕೊಡ್ರಿ. ಗಿಳಿ ನೋಡಿದ್ರ ಹೊಲಾ ಬಿಟ್ಟ ಓಡಬೇಕು. ಅದಾತಂದ್ರ ಕುಂಕುಮಾನೂ ಆತು."

ಗಿಳಿ ಉಳಿಸುವವನ ಕೈಯಿಂದಲೇ ಗಿಳಿ ಓಡಿಸುವ ಹದ್ದು! ಆದರೆ ಮಗಳ ಮುಖ ನೆನಪಾಯಿತು. ತಗಡಿನ ಮೇಲೆ, ರೆಕ್ಕೆ ಬಿಚ್ಚಿದ ದೊಡ್ಡ ಹದ್ದನ್ನು ಬರೆದೆ. ಕಣ್ಣು ಕೆಂಪಗೆ ಕ್ರೂರವಾಗಿರಲೆಂದು ತಿದ್ದಿದೆ, ತೀಡಿದೆ. ಮುಂದಿನ ರವಿವಾರ ಶಾಂತಾಳನ್ನೂ ಕರೆದುಕೊಂಡು ಹೋಗಿ ಹೊಲದ ನಡುವೆ ಗಳಕ್ಕೆ ಕಟ್ಟಿ ನಿಲ್ಲಿಸಿದೆ. ಎಲ್ಲರೂ ಬದುವಿನ ಮೇಲೆ ಕೂತು ಕಾದೆವು. ಹಿಂಡು ಬಂತು. ಒಂದು ಸುತ್ತು ಹಾಕಿತು. ನೇರವಾಗಿ ಬಂದು ಹದ್ದಿನ ನೆತ್ತಿಯ ಮೇಲೆ ಸಾಲಾಗಿ ಕೂತಿತು. ಒಂದು ಗಿಳಿ ಅದರ ರೆಕ್ಕೆಗೆ ಕೊಕ್ಕು ತಿಕ್ಕಿ ಒರೆಸಿಕೊಂಡಿತು.

ಶಿವಪ್ಪನವರು ಹದ್ದನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಹದ್ದನ್ನು ನೋಡಿದರು.

"ಮಾಸ್ತರ, ಹದ್ದಿಗೆ ನಿಮ್ಮ ಮಾರೀನs ಬಂದೈತಲ್ರಿ, ಅದs ಕಣ್ಣು, ಅದs ಮೂಗು! ಅವು ಹೆಂಗ ಅಂಜಬೇಕು?" ಎಂದವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಾಂತಾ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. "ಇಂಥಾ ಬೀಗರು ಸಿಗಬೇಕಂದ್ರ ಪುಣ್ಯಾ ಬೇಕ್ರಿ, ಏನ ಅಂದ್ರೂ ಹೊಳ್ಳಿ ಅನ್ನಂಗಿಲ್ಲ" ಎಂದು ಶಿವಪ್ಪನವರು ಕಣ್ಣೊರೆಸಿಕೊಂಡರು. ಶಾಂತಾ ಚೀಲದಿಂದ ಅಮಾವಾಸ್ಯೆಯಿದ್ದ ಕ್ಯಾಲೆಂಡರು ತೆಗೆದು ಅವರ ಮುಂದೆ ಹಿಡಿದಳು. ಅಲ್ಲೇ ಬದುವಿನ ಮೇಲೆ ದಿನ ಗೊತ್ತಾಯಿತು.

ಹದ್ದಿನ ಮೇಲೆ ಕೂತ ಗಿಳಿಗಳ ಚಿತ್ರವನ್ನೂ ನಡುಗಡ್ಡೆಗೆ ಕಳಿಸಿದೆ. ಅದೂ ಅಚ್ಚಾಗಿ ಬಂದು ಈಗ ಬೀಗರ ಪಡಸಾಲೆಯಲ್ಲಿ ತೂಗುತ್ತಿದೆ. ಅಮಾವಾಸ್ಯೆಗಳನ್ನು ಗಿರಿಜಾ ಕೆಂಪು ಪೆನ್ನಿನಿಂದ ಬರೆದಿದ್ದಾಳೆ. ಅವಳು ಡಬ್ಬಿ ಬಡಿದು ಒಂದು ಸಲ ಕೂಗಿದರೆ ಇಡೀ ಹಿಂಡು ಹೊಲ ಬಿಟ್ಟೇಳುತ್ತದೆ, ಆ ದನಿ ಅವಳ ತಾಯಿಯದು. ನಾನು ಹೋದಾಗ ಬೀಗರು ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಚಹಾ ಕುಡಿಯಲು ಹೋಗುತ್ತಾರೆ. ನಾನೂ ಬಡಿಯುತ್ತೇನೆ, ಕೂಗುತ್ತೇನೆ. ಗಿಳಿಗಳು ತಲೆಯೆತ್ತಿ ಒಮ್ಮೆ ನೋಡಿ, ಮತ್ತೆ ಕಾಳಿಗೆ ಬಾಯಿ ಹಾಕುತ್ತವೆ. ಹಾರಲಾರದ ಗಿಳಿಯನ್ನು ಉಳಿಸಲು ಹೊರಟವನನ್ನು ಕಂಡು, ಹಾರಬಲ್ಲ ಗಿಳಿಗಳೂ ಹಾರುವುದಿಲ್ಲ.