ಜಿಂಕೆಗೆ ತಕ್ಕ ತೋಟೆ

ಕೋವಿ, ಮದ್ದು, ಗುಂಡು: ಈ ಮೂರು ವಿಷಯಗಳಲ್ಲಿ ನನಗೆ ತಿಳಿಯದ್ದು ಏನೂ ಇಲ್ಲವೆಂದು ನಾನು ಬಹಳ ಕಾಲ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಊರಿನಲ್ಲಿ ನಮ್ಮ ದೊಡ್ಡಪ್ಪನ ಹತ್ತಿರ ಪರವಾನಗಿ ಇದ್ದ ಒಂದು ಕೇಪಿನ ಕೋವಿ ಇತ್ತು. ಗದ್ದೆಗೆ ಹಂದಿ ನುಗ್ಗಿದರೆ ಅವರು ಅದರ ಬಾಯಿಯಿಂದ ಮದ್ದು ಸುರಿದು, ಮೇಲೆ ತೆಂಗಿನ ನಾರು ತುರುಕಿ, ಗುಂಡು ಹಾಕಿ, ಮತ್ತೆ ನಾರು ತುರುಕಿ, ಕಬ್ಬಿಣದ ಸಲಾಕೆಯಿಂದ ಜಡಿಯುತ್ತಿದ್ದರು. ಸೀಸದ ಗುಂಡು ಮುಗಿದಿದ್ದರೆ ಸೈಕಲ್ಲಿನ ಬಾಲ್ಸ್ ಆದರೂ ಆಗುತ್ತಿತ್ತು. ಗುಂಡು ಸಣ್ಣದಾಯಿತೆಂದು ಆ ಕೋವಿ ಒಂದು ದಿನವೂ ತಕರಾರು ಮಾಡಿದ್ದಿಲ್ಲ. ನಾರು ಸ್ವಲ್ಪ ಹೆಚ್ಚು ತುಂಬಿದರಾಯಿತು.

ಆ ನಾರನ್ನು ಬಿಡಿಸಿ, ಉಂಡೆ ಕಟ್ಟಿ ದೊಡ್ಡಪ್ಪನ ಕೈಗೆ ಕೊಡುವ ಗುರುತರವಾದ ಜವಾಬ್ದಾರಿ ನನ್ನದು. ಬೇಟೆಯಲ್ಲಿ ನನ್ನ ಪಾತ್ರ ಅಷ್ಟೇ. ಮರುದಿನದ ಊಟದಲ್ಲಿ ಮಾತ್ರ ನನ್ನ ಪಾತ್ರ ಬಹಳ ದೊಡ್ಡದಿರುತ್ತಿತ್ತು!

ಈ ಅನುಭವವನ್ನು ಹೊತ್ತುಕೊಂಡು ನಾನು ಸೌದಿಗೆ ಬಂದೆ. ಎಂಬತ್ತರ ದಶಕದ ನಡುವಿನ ಮಾತು. ಅಲ್ ಖರ್ಜಿನ ಒಂದು ಕೋಳಿ ಫಾರ್ಮಿನ ಆಫೀಸಿನಲ್ಲಿ ಗುಮಾಸ್ತನ ಕೆಲಸ. ಫಾರ್ಮಿನ ಮಾಲೀಕರು ಅಬು ಫಹದ್. ಅವರೇ ನಮ್ಮ ಕಫೀಲ್, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಧಣಿ. ನಮ್ಮ ಪಾಸ್‌ಪೋರ್ಟು ಅವರ ಮೇಜಿನ ಡ್ರಾಯರಿನಲ್ಲಿ, ನಮ್ಮ ರಜೆ ಅವರ ಪೆನ್ನಿನ ತುದಿಯಲ್ಲಿ.

ಆ ಚಳಿಗಾಲದಲ್ಲಿ ಆ ಪೆನ್ನು ಮಿಸುಕಲೇ ಇಲ್ಲ. ನನ್ನ ಹೆಂಡತಿ ಜೆಸಿಂತಾಳ ತಂಗಿಗೆ ಜನವರಿಯಲ್ಲಿ ಮದುವೆ ಗೊತ್ತಾಗಿತ್ತು. ಮದುವೆಯ ಹಿಂದಿನ ದಿನ ನಮ್ಮ ಕೊಂಕಣಿ ಕ್ರಿಸ್ತರಲ್ಲಿ ರೋಸ್ ಎಂಬ ಶಾಸ್ತ್ರವಿದೆ. ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುತ್ತಾರೆ. ಇದ್ದೊಬ್ಬ ಅಕ್ಕ ಅದಕ್ಕೆ ಇಲ್ಲದಿದ್ದರೆ ಹೇಗೆ? ಜೆಸಿಂತಾ ಸೂಟ್‌ಕೇಸು ತುಂಬುವುದು, ತೆಗೆಯುವುದು, ಮತ್ತೆ ತುಂಬುವುದು ಮಾಡುತ್ತಿದ್ದಳು. ನಾನು ಮನೆಯ ಬಾಗಿಲು ದಾಟುವ ಮೊದಲೇ ಪ್ರಶ್ನೆ ಬರುತ್ತಿತ್ತು.

"ಸಹಿ ಆಯ್ತಾ?"

"ಬುಕ್ರಾ ಅಂತ ಹೇಳಿದ್ದಾರೆ."

"ಇವರ ಬುಕ್ರಾ ಅಂದ್ರೆ ನಾಳೆ ಅಂತ ಅಲ್ಲ ಮಾರಾಯ್ರೇ. ಇವತ್ತು ಅಲ್ಲ ಅಂತ ಮಾತ್ರ!"

ನನಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ದಿನವೂ ರಜೆಯ ಅರ್ಜಿ ಹಿಡಿದುಕೊಂಡು ಅಬು ಫಹದರ ಕೋಣೆಯ ಮುಂದೆ ಅತ್ತಿಂದಿತ್ತ ತಿರುಗಾಡುವುದೇ ಕೆಲಸವಾಯಿತು.

ಹಾಗೆ ತಿರುಗಾಡುತ್ತಿದ್ದ ಒಂದು ದಿನ ಒಳಗಿನಿಂದ ಕರೆ ಬಂತು. ಅಬು ಫಹದ್ ಬಾಡಿದ ಮುಖ ಹಾಕಿಕೊಂಡು ಕೂತಿದ್ದರು. ಎದುರಿಗೆ ಅವರ ಭಾವ ಕಾಲ ಮೇಲೆ ಕಾಲು ಹಾಕಿ ಚಹಾ ಹೀರುತ್ತಿದ್ದರು. ಇಬ್ಬರ ನಡುವೆ ಹೊಚ್ಚ ಹೊಸ ರೈಫಲು! ಭಾವನ ಉಡುಗೊರೆ. ಉಡುಗೊರೆಯ ಜೊತೆಗೆ ಒಂದು ಕುಹಕವೂ ಉಚಿತವಾಗಿ ಬಂದಿತ್ತು. "ಕೋಳಿ ಸಾಕುವವನ ಕೈಗೆ ಕೋವಿ ಬಂದರೆ ಜಿಂಕೆಗಳು ನೆಮ್ಮದಿಯಾಗಿ ಮಲಗುತ್ತವೆ" ಎಂದು ಭಾವ ಹೇಳಿದ್ದರಂತೆ. ಹಾಗೆಂದು ಆಮೇಲೆ ನನಗೆ ತಿಳಿಸಿದವನು ಅಬು ಫಹದರ ಡ್ರೈವರ್ ಮೊಯ್ದಿನ್ ಬ್ಯಾರಿ. ಉಪ್ಪಿನಂಗಡಿ ಕಡೆಯವನು, ಅರಬಿಯನ್ನು ನೀರು ಕುಡಿದ ಹಾಗೆ ಮಾತಾಡುತ್ತಿದ್ದ. ಆ ಹೊತ್ತಿಗೂ ಅಲ್ಲೇ ಗೋಡೆಗೆ ಒರಗಿ ನಿಂತಿದ್ದ.

ನಾನು ಸುಮ್ಮನೆ ಅರ್ಜಿ ಇಟ್ಟು ಬರಬೇಕಿತ್ತು. ಆದರೆ ಕೋವಿ ಕಂಡಾಗ ನಾಲಗೆ ಸುಮ್ಮನಿರಬೇಕಲ್ಲ! "ನಮ್ಮ ಮನೆಯಲ್ಲೂ ಕೋವಿ ಉಂಟು" ಎಂದುಬಿಟ್ಟೆ. ಅಬು ಫಹದರ ಮುಖ ಅರಳಿತು.

"ನೀನು ಬೇಟೆಯಾಡಿದ್ದೀಯಾ?"

"ಧಾರಾಳ!"

"ಯಾವ ಪ್ರಾಣಿ?"

ಹಂದಿ ಎಂಬ ಸತ್ಯ ನನ್ನ ತುಟಿಯವರೆಗೆ ಬಂತು. ಅಷ್ಟರಲ್ಲಿ ಗೋಡೆಯ ಹತ್ತಿರ ಮೊಯ್ದಿನ್ ಬ್ಯಾರಿಯ ಕಣ್ಣುಗಳು ಬಟ್ಟಲಿನಷ್ಟು ಅಗಲವಾದದ್ದು ಕಂಡಿತು. ಆ ಕೋಣೆಯಲ್ಲಿ, ಆ ಚಹಾದ ಎದುರು, ಆ ಪ್ರಾಣಿಯ ಹೆಸರೆತ್ತುವುದೇ? ಕೈಯಲ್ಲಿ ರಜೆಯ ಅರ್ಜಿ ಬೇರೆ! ನಾನು ಸತ್ಯವನ್ನು ನುಂಗಿದೆ.

"ಜಿಂಕೆ" ಎಂದೆ.

"ಗಝಾಲ್!" ಎಂದು ಅಬು ಫಹದ್ ಎದ್ದೇ ನಿಂತರು. ಭಾವನ ಕಡೆ ಒಮ್ಮೆ ಗೆದ್ದವರ ನೋಟ ಬೀರಿದರು. ಆಮೇಲೆ ಅಪ್ಪಣೆ ಹೊರಟಿತು. ಶುಕ್ರವಾರ ಬೆಳಿಗ್ಗೆ ಬೇಟೆ. ಅವರಿಬ್ಬರೂ ಕೋವಿಯೊಂದಿಗೆ ಮೊದಲೇ ಹೋಗಿ ಮರುಭೂಮಿಯಲ್ಲಿ ಡೇರೆ ಹಾಕಿರುತ್ತಾರೆ. ನಾನು ಗುರುವಾರ ರಿಯಾದಿಗೆ ಹೋಗಿ ಜಿಂಕೆಗೆ ತಕ್ಕ ತೋಟೆ, ಅಂದರೆ ಮದ್ದು ಗುಂಡು ಒಟ್ಟಿಗೇ ಇರುವ ಕಾಡತೂಸು, ಆರಿಸಿ ತರಬೇಕು. ರಜೆಯ ಸಹಿ? ಬೇಟೆ ಮುಗಿದ ಕೂಡಲೇ, ಇನ್ಶಾ ಅಲ್ಲಾಹ್!

ನಮ್ಮಂಥ ಕ್ರಿಸ್ತರನ್ನು ಊರಿನಲ್ಲಿ ಪೊರ್ಬುಗಳು ಎನ್ನುತ್ತಾರೆ. ಹೊರಗೆ ಬಂದಾಗ ಮೊಯ್ದಿನ್ ಬ್ಯಾರಿ ಕೇಳಿದ. "ಎಂತ ಪೊರ್ಬುಗಳೇ, ನಿಮಗೆ ನಿಜವಾಗಿ ಗೊತ್ತುಂಟಾ ಇದೆಲ್ಲ?"

"ಬ್ಯಾರಿಗಳೇ, ನಾನು ಕೋವಿಯ ಮನೆಯಲ್ಲೇ ಹುಟ್ಟಿದವನು!"

ಗುರುವಾರ ಮಧ್ಯಾಹ್ನ ಮೊಯ್ದಿನ್ ಬ್ಯಾರಿಯ ಕಾರಿನಲ್ಲಿ ರಿಯಾದಿಗೆ ಹೊರಟಾಗ ಜೆಸಿಂತಾಳೂ ಜೊತೆಗೆ ಬಂದಳು. ತಂಗಿಗೆ ಸೀರೆಯ ಬಟ್ಟೆ ನೋಡುವುದು ನೆಪ, ನನ್ನ ಮೇಲೆ ಕಣ್ಣಿಡುವುದು ಉದ್ದೇಶ. ಕೋವಿ ಅಂಗಡಿಯವನು ಅಬು ಫಹದರ ಪರಿಚಯಸ್ಥ, ಬಹಳ ಸಭ್ಯ. ಗಾಜಿನ ಮೇಜಿನ ಮೇಲೆ ಮೂರು ಬಗೆಯ ತೋಟೆಗಳನ್ನು ಸಾಲಾಗಿ ನಿಲ್ಲಿಸಿ ವಿವರಿಸಿದ. ಮೊಯ್ದಿನ್ ಬ್ಯಾರಿ ಅನುವಾದಿಸಿದ.

ಮೊದಲನೆಯದರ ಗುಂಡಿಗೆ ತುದಿಯವರೆಗೂ ತಾಮ್ರದ ಕವಚ. ಅದು ಜಿಂಕೆಯನ್ನು ತೂರಿಕೊಂಡು ಆಚೆ ಹೋಗುತ್ತದೆ, ಪಾಪದ ಪ್ರಾಣಿ ಗಾಯದೊಂದಿಗೆ ಎಲ್ಲೋ ಓಡಿಹೋಗಿ ಸಾಯುತ್ತದೆ, ಬೇಡ ಎಂದ. ಎರಡನೆಯದು ನನ್ನ ಬೆರಳಿಗಿಂತ ಉದ್ದ, ದಪ್ಪ. ಅದು ದೊಡ್ಡ ಪ್ರಾಣಿಗಳಿಗೆ. ಇಲ್ಲಿನ ಜಿಂಕೆ ಆಡಿನಷ್ಟೇ ಇರುವುದು, ಅದಕ್ಕೆ ಹೊಡೆದರೆ ಮನೆಗೆ ತರಲು ಕೊಂಬು ಮಾತ್ರ ಉಳಿಯುತ್ತದೆ ಎಂದ. ಮೂರನೆಯದು ತೆಳ್ಳಗೆ, ಚೆಲುವಾಗಿತ್ತು. ಮೂತಿಯಲ್ಲಿ ಮೆತ್ತನೆಯ ಸೀಸ ಕಾಣುತ್ತಿತ್ತು. ತಾಗಿದ ಕೂಡಲೇ ಅಗಲವಾಗುತ್ತದೆ, ಜಿಂಕೆ ನಿಂತಲ್ಲೇ ಬೀಳುತ್ತದೆ ಎಂದ.

ನಾನು ಗಂಭೀರವಾಗಿ ತಲೆಯಾಡಿಸಿದೆ. ಒಂದೊಂದನ್ನೂ ಅಂಗೈಯಲ್ಲಿಟ್ಟು ತೂಗಿದೆ. ಕಿವಿಯ ಹತ್ತಿರ ಅಲ್ಲಾಡಿಸಿದೆ. ಕೊನೆಗೆ ಮೂಸಿ ನೋಡಿದೆ.

"ಬಂಗುಡೆ ತಗೊಳ್ಳುದಾ ನೀವು?" ಎಂದು ಜೆಸಿಂತಾ ಪಿಸುಗುಟ್ಟಿದಳು. "ಮೂಸುದು ಎಂತಕ್ಕೆ?"

"ಮದ್ದು ಹಳತಾ ಅಂತ ನೋಡುದು. ನಿನಗೆ ಗೊತ್ತಾಗುದಿಲ್ಲ, ಸುಮ್ಮನಿರು."

ಅಂಗಡಿಯವನು ಕೇಳಿದ. "ಕೋವಿ ಯಾವುದು?"

"ಹೊಸದು!" ಎಂದೆ ಹೆಮ್ಮೆಯಿಂದ.

"ಹೊಸದು, ಸರಿ. ಅಳತೆ ಯಾವುದು? ನಳಿಗೆಯ ಮೇಲೆ ಬರೆದಿರುತ್ತದೆ."

ನನಗೆ ಅವನ ಮೇಲೆ ಕನಿಕರ ಹುಟ್ಟಿತು. ಹೊಡೆಯುವುದು ಜಿಂಕೆಗೆ. ಜಿಂಕೆಯ ವಿಷಯ ಕೇಳುವುದು ಬಿಟ್ಟು ಕೋವಿಯ ಜಾತಕ ಕೇಳುತ್ತಾನಲ್ಲ!

ಅಷ್ಟರಲ್ಲಿ ಹೊರಗೆ ಬಾಂಗ್ ಕೇಳಿಸಿತು. ಅಂಗಡಿಯವನು ಶಟರಿನ ಕೊಕ್ಕೆ ಕೈಗೆತ್ತಿಕೊಂಡ. ಅಕ್ಕಪಕ್ಕದಲ್ಲಿ ಶಟರುಗಳು ದಡದಡನೆ ಬೀಳತೊಡಗಿದವು.

"ಪೊರ್ಬುಗಳೇ, ಈಗ ಬೇಡ" ಎಂದ ಮೊಯ್ದಿನ್ ಬ್ಯಾರಿ. "ನಮಾಜ್ ಆಗ್ಲಿ. ಆಮೇಲೆ ಅಬು ಫಹದರಿಗೆ ಹೇಗಾದ್ರೂ ಸುದ್ದಿ ಮುಟ್ಟಿಸಿ ಆ ಅಳತೆ ಕೇಳುವ."

"ಡೇರೆಗೆ ಫೋನು ಉಂಟಾ? ನಾಳೆ ಬೆಳಿಗ್ಗೆ ಬೇಟೆ. ತೋಟೆ ಇಲ್ಲ ಅಂದ್ರೆ ಸಹಿ ಇಲ್ಲ. ಸಹಿ ಇಲ್ಲ ಅಂದ್ರೆ..." ನಾನು ಜೆಸಿಂತಾಳ ಮುಖ ನೋಡಿದೆ.

"ಅವರು ಅಳತೆ ಕೇಳ್ತಿದ್ದಾರೆ, ನೀವು ಹೇಳ್ತಿಲ್ಲ" ಎಂದಳು ಅವಳು. "ನನ್ನ ರವಿಕೆಗೂ ಟೈಲರ್ ಅಳತೆ ಕೇಳ್ತಾನೆ ಮಾರಾಯ್ರೇ. ಇದು ಕೋವಿ!"

"ಗುಂಡು ನಳಿಗೆಗಿಂತ ದಪ್ಪ ಇರಬಾರದು, ಅಷ್ಟೇ. ತೆಳ್ಳಗಿದ್ದರೆ ಅದಕ್ಕೆ ಉಪಾಯ ಉಂಟು. ನಮ್ಮ ಮನೆತನದ್ದು!"

ಶಟರು ಅರ್ಧ ಇಳಿದಿತ್ತು. ನಾನು ತೆಳ್ಳಗಿನ ಚೆಲುವೆಯರ ಎರಡು ಪೆಟ್ಟಿಗೆಗಳನ್ನು ಎದೆಗವಚಿಕೊಂಡು ಬಗ್ಗಿ ಹೊರಗೆ ಬಂದೆ.

ಉಪಾಯ ಯಾವುದೆಂದು ನೀವು ಊಹಿಸಿರುತ್ತೀರಿ. ಪಾತ್ರೆ ತಿಕ್ಕಲೆಂದು ಜೆಸಿಂತಾ ಊರಿನಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದಿದ್ದ ತೆಂಗಿನ ನಾರು ಅಡುಗೆಮನೆಯ ಕಪಾಟಿನಲ್ಲಿತ್ತು. ಅದನ್ನು ಅವಳು ಬಂಗಾರದ ಹಾಗೆ ಕಾಪಾಡುತ್ತಿದ್ದಳು. ಅಲ್ ಖರ್ಜಿನಲ್ಲಿ ತೆಂಗಿನ ನಾರು ಎಲ್ಲಿಂದ ಸಿಗಬೇಕು? ಬೇಟೆಗೆ ಹೊರಡುವ ಮೊದಲು ಅವಳಿಗೆ ಕಾಣದ ಹಾಗೆ ಅದನ್ನು ಬಿಡಿಸಿ, ಉಂಡೆ ಕಟ್ಟಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡೆ. ಎಷ್ಟೋ ವರ್ಷಗಳ ಮೇಲೂ ಕೈ ಅಭ್ಯಾಸ ಮರೆತಿರಲಿಲ್ಲ.

ಶುಕ್ರವಾರ ಬೆಳಕು ಹರಿಯುವಾಗ ನಾನೂ ಬ್ಯಾರಿಯೂ ಡೇರೆ ಮುಟ್ಟಿದೆವು. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ತೋಟೆಯ ಪೆಟ್ಟಿಗೆಗಳನ್ನು ಕೊಟ್ಟೆ. ಅಬು ಫಹದ್ ಒಂದನ್ನು ತೆಗೆದು ಸೀಸದ ಮೂತಿ ನೋಡಿ ಮೆಚ್ಚಿಕೊಂಡರು. ಭಾವ ತಮ್ಮ ಕೈಯ ಚಹಾ ಬಿಟ್ಟು ಯಾವುದನ್ನೂ ನೋಡಲಿಲ್ಲ. ಜೀಪು ಹತ್ತಿದೆವು. "ಆ ಚೀಲದಲ್ಲಿ ಏನು?" ಎಂದು ಅಬು ಫಹದ್ ಕೇಳಿದರು. "ನಮ್ಮ ಮನೆತನದ ಗುಟ್ಟು" ಎಂದೆ. ಅವರು ಗೌರವದಿಂದ ತಲೆಬಾಗಿದರು!

ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೊಯ್ದಿನ್ ಬ್ಯಾರಿ ಬ್ರೇಕು ಒತ್ತಿದ. ಜಾಲಿಗಿಡದ ಹತ್ತಿರ ಜಿಂಕೆ! ಒಂಟಿಯಾಗಿ ನಿಂತಿತ್ತು. ಅಬು ಫಹದ್ ಸದ್ದಿಲ್ಲದೆ ಇಳಿದು, ಮಂಡಿಯೂರಿ, ತೋಟೆಯನ್ನು ಕೋವಿಗೆ ತುಂಬಿದರು. ಅದು ಹೋಯಿತು. ಸಲೀಸಾಗಿ ಹೋಯಿತು. ಬಹಳ ಸಲೀಸಾಗಿ ಹೋಯಿತು! ಅವರು ಕೋವಿಯನ್ನು ಸ್ವಲ್ಪ ಎತ್ತಿದರು. ತೋಟೆ ಹಿಂದಿನಿಂದ ಜಾರಿ ಮರಳಿನ ಮೇಲೆ ಬಿತ್ತು. ಇನ್ನೊಂದು ಹಾಕಿದರು. ಅದೂ ಹೊರಗೆ ಬಂತು. ಕೋವಿಯೊಳಗೆ ಅವು ಗಿಲಕಿಯ ಹಾಗೆ ಗಲಗಲ ಎನ್ನುತ್ತಿದ್ದವು.

ಅಬು ಫಹದ್ ನನ್ನತ್ತ ತಿರುಗಿದರು. ಜಿಂಕೆಯೂ ನನ್ನತ್ತ ತಿರುಗಿತು.

ಇದೇ ನನ್ನ ಗಳಿಗೆ ಎಂದುಕೊಂಡೆ. ಚೀಲ ಬಿಚ್ಚಿದೆ. ಒಂದು ಉಂಡೆ ನಾರು ಹೊರತೆಗೆದು, "ಮುದೀರ್, ಧಣಿಗಳೇ, ಇದನ್ನು ಸುತ್ತಿದರೆ ಬಿಗಿಯಾಗುತ್ತದೆ. ಮೇಲಿನಿಂದಲೂ ಸ್ವಲ್ಪ ತುರುಕಿ ಜಡಿಯುವ" ಎಂದು ಅರಬಿ, ಹಿಂದಿ ಮತ್ತು ಎರಡೂ ಕೈಗಳ ಸಹಾಯದಿಂದ ವಿವರಿಸಿದೆ. ಸಲಾಕೆಗೆ ಬದಲಾಗಿ ಡೇರೆಯ ಗೂಟ ಆದೀತು ಎಂದೂ ಸೂಚಿಸಿದೆ.

ಅಬು ಫಹದ್ ಹೊಸ ಕೋವಿಯನ್ನು ಮಗುವಿನ ಹಾಗೆ ಎದೆಗೆ ಅಪ್ಪಿಕೊಂಡು ನನ್ನಿಂದ ದೂರ ಸರಿದರು!

"ಅದೇನು ಅವನ ಕೈಯಲ್ಲಿ?" ಎಂದು ಭಾವ ಮೊಯ್ದಿನ್ ಬ್ಯಾರಿಯನ್ನು ಕೇಳಿದರು.

ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಬ್ಯಾರಿ ತಲೆ ತಗ್ಗಿಸಿದ. "ಇವತ್ತು ಶುಕ್ರವಾರ ಪೊರ್ಬುಗಳೇ. ಸುಳ್ಳು ಹೇಳ್ಲಿಕ್ಕೆ ಆಗುದಿಲ್ಲ." ಆಮೇಲೆ ಅರಬಿಯಲ್ಲಿ ಸ್ಪಷ್ಟವಾಗಿ ತಿಳಿಸಿದ: "ಇದು ಇವರ ಮನೆಯಲ್ಲಿ ಪಾತ್ರೆ ತೊಳೆಯುವ ನಾರು."

ಭಾವನ ನಗು ಆ ಬಯಲಿನಲ್ಲಿ ಎಲ್ಲಿಯವರೆಗೆ ಕೇಳಿಸಿತೋ ಗೊತ್ತಿಲ್ಲ. ಜಿಂಕೆ ಕೂಡ ಅದಕ್ಕೇ ಓಡಿದ್ದು. ಅದುವರೆಗೆ ನಿಂತು ನೋಡುತ್ತಿತ್ತು!

ಅಬು ಫಹದ್ ಮಾತ್ರ ನಗಲಿಲ್ಲ. "ನಿನ್ನ ಊರಿನಲ್ಲಿ ಇದರಿಂದ ಜಿಂಕೆ ಹೊಡೆದಿದ್ದೀಯಾ?" ಎಂದು ಕೇಳಿದರು. ನಾನು ಹೊಡೆದವನಲ್ಲ, ಹೊಡೆಯುವವರಿಗೆ ನಾರು ಕೊಡುತ್ತಿದ್ದವನು ಎಂದು ಒಪ್ಪಿಕೊಂಡೆ. ಪ್ರಾಣಿ ಯಾವುದೆಂದು ಅವರು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಬ್ಯಾರಿ ಅದಕ್ಕೂ ಶುಕ್ರವಾರದ ಉತ್ತರವನ್ನೇ ಕೊಡುತ್ತಿದ್ದನೇನೋ! ಮಧ್ಯಾಹ್ನ ಎಲ್ಲರೂ ಡಬ್ಬಿಯ ಮೀನು ಮತ್ತು ಖುಬೂಸ್ ರೊಟ್ಟಿ ತಿಂದೆವು. ಭಾವ ಪ್ರತಿ ತುತ್ತಿಗೂ ಜಿಂಕೆಯ ಮಾಂಸ ಬಹಳ ಮೃದುವಾಗಿದೆ ಎಂದು ಹೊಗಳುತ್ತಿದ್ದರು.

ಮನೆಗೆ ಬಂದು ಜೆಸಿಂತಾಳಿಗೆ ಕಾಣದ ಹಾಗೆ ಚೀಲವನ್ನು ಮಂಚದಡಿಗೆ ತುರುಕಿದೆ. ಅವಳ ಎಂದಿನ ಸಹಿಯ ಪ್ರಶ್ನೆ ಅಂದು ಬರಲೇ ಇಲ್ಲ. ಅವಳು ಕೇಳದಿರುವುದೇ ನನಗೆ ಹೆಚ್ಚು ಭಯ. ಅವಳ ತಂಗಿಯ ಮದುವೆಯನ್ನು ಒಂದು ಹಿಡಿ ನಾರಿನಲ್ಲಿ ಮುಳುಗಿಸಿಬಿಟ್ಟೆನಲ್ಲ! ಶನಿವಾರ ಆಫೀಸಿನಲ್ಲಿ ಅಬು ಫಹದರ ಬಾಗಿಲು ತೆರೆದಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ, ಮುಚ್ಚಿದಾಗ ಕೂರುತ್ತಿದ್ದೆ.

ಕೊನೆಗೆ ಕರೆದರು. ಡ್ರಾಯರು ತೆರೆದು ನಮ್ಮಿಬ್ಬರ ಪಾಸ್‌ಪೋರ್ಟು ಹೊರಗೆ ತೆಗೆದರು. ಪೆನ್ನು ಎತ್ತಿದರು. ಬುಕ್ರಾ ಎನ್ನಲಿಲ್ಲ. ಸಹಿ ಹಾಕಿದರು!

"ಒಂದು ತಿಂಗಳು ಕೇಳಿದ್ದೀಯಲ್ಲ?" ಎಂದರು. "ಎರಡು ತಿಂಗಳು ಹೋಗು. ಅಷ್ಟರಲ್ಲಿ ಬೇಟೆಯ ಕಾಲ ಮುಗಿದಿರುತ್ತದೆ. ಯಲ್ಲಾ!"

ನಾನು ಮನೆಗೆ ಓಡಿದೆ ಎಂದೇ ಹೇಳಬೇಕು. ಬಾಗಿಲಿನಲ್ಲೇ ಪಾಸ್‌ಪೋರ್ಟು ಎತ್ತಿ ತೋರಿಸಿದೆ. ಜೆಸಿಂತಾಳ ಕಣ್ಣು ತುಂಬಿ ಬಂತು. ಆಗ ನನ್ನ ಎದೆ ಕೂಡ ಉಬ್ಬಿತು. "ನೋಡು, ಅಬು ಫಹದರಿಗೆ ನನ್ನ ಮೇಲೆ ಎಷ್ಟು ಅಭಿಮಾನ! ಕೇಳಿದ್ದಕ್ಕಿಂತ ದುಪ್ಪಟ್ಟು ಕೊಟ್ಟಿದ್ದಾರೆ."

"ಹೌದು, ಮೊಯ್ದಿನ್ ಬ್ಯಾರಿ ಎಲ್ಲ ಹೇಳಿ ಹೋದ್ರು" ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತಾ. ಒಳಗೆ ಹೋಗಿ ನನ್ನ ಪ್ಲಾಸ್ಟಿಕ್ ಚೀಲವನ್ನು ತಂದು ಕೈಗಿತ್ತಳು. ಮರಳು ಮೆತ್ತಿದ ಉಂಡೆಗಳು ಹಾಗೆಯೇ ಇದ್ದವು.

"ನಿಮ್ಮ ಮನೆತನದ ಗುಟ್ಟು" ಎಂದಳು. "ನಿನ್ನೆಯಿಂದ ಪಾತ್ರೆ ಹಾಗೇ ಬಿದ್ದಿವೆ. ಸ್ವಲ್ಪ ಜಡಿದು ತಿಕ್ಕಿ ಮಾರಾಯ್ರೇ."

ತಿಕ್ಕಿದೆ. ಒಂದು ಮಾತು ಹೇಳಲೇಬೇಕು. ಆ ನಾರು ಆ ಪಾತ್ರೆಗಳಿಗೆ ಸರಿಯಾದ ಅಳತೆಯದ್ದಾಗಿತ್ತು!